ಅಲ್ಮೇರಾದಿಂದ ಪಾಟಿಚೀಲಕ್ಕೆ

ಶ್ರಾವಣ ಬಂತೆಂದರೆ ಯಾದಗಿರಿ ಸೀಮೆಯ ಊರೂರಲ್ಲಿ ಪುರಾಣ ಹಚ್ಚುತ್ತಾರೆ. ಹೊಲದಿಂದ ಬಂದು ರೊಟ್ಟಿ ಉಂಡ ಮೇಲೆ ಹೆಂಗಸರು, ಮಕ್ಕಳು, ಮುದುಕರೆಲ್ಲ ಗುಡಿಯ ಮುಂದೆಯೋ ಮಠದ ಅಂಗಳದಲ್ಲೋ ಸೇರುತ್ತಾರೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುತ್ತಾರೆ, ನಡುನಡುವೆ ಹಾರ್ಮೋನಿಯಂ, ತಬಲಾ. ಮೊಹರಂ ಬಂದರೆ ರಿವಾಯತ್ ಪದ. ಸುಗ್ಗಿ ಮುಗಿದರೆ ಬಯಲಾಟ. ಆಟದ ಪಾತ್ರಧಾರಿಗಳಲ್ಲಿ ಅಕ್ಷರ ಬಾರದವರೂ ಇರುತ್ತಾರೆ. ಮಾಸ್ತರು ಹೇಳಿಕೊಟ್ಟದ್ದನ್ನು ಕೇಳಿ ಕೇಳಿಯೇ ಬೆಳಗಿನವರೆಗೆ ನಡೆಯುವ ಆಟದ ಮಾತನ್ನೂ ಹಾಡನ್ನೂ ಬಾಯಿಪಾಠ ಮಾಡಿರುತ್ತಾರೆ. ಆದ್ಯ ವಚನಕಾರನೆಂದು ನಾಡು ಕೊಂಡಾಡುವ ದೇವರ ದಾಸಿಮಯ್ಯನ ಮುದನೂರು ಇರುವುದು ಇದೇ ಸುರಪುರ ಸೀಮೆಯಲ್ಲಿ. ಕಥೆಗೆ, ಪದಕ್ಕೆ ಈ ನೆಲದಲ್ಲಿ ಎಂದೂ ಬರ ಬಿದ್ದಿಲ್ಲ.

ಬರ ಬಿದ್ದಿರುವುದು ಅಚ್ಚಾದ ಹಾಳೆಗೆ. 2009ರ ಡಿಸೆಂಬರ್ ಕೊನೆಗೆ ಗುಲಬರ್ಗಾದಿಂದ ಬೇರೆಯಾಗಿ ಯಾದಗಿರಿ ಜಿಲ್ಲೆ ಹುಟ್ಟಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದರೆ ಈ ಜಿಲ್ಲೆಯದು ಶೇ 51.83, ರಾಜ್ಯದಲ್ಲೇ ಎಲ್ಲಕ್ಕಿಂತ ಕಡಿಮೆ. ಹೆಣ್ಣುಮಕ್ಕಳ ಲೆಕ್ಕ ತೆಗೆದರೆ ಶೇ 41ರ ಆಸುಪಾಸು. ಅಂದು ಓದುಬಾರದವರ ಪಟ್ಟಿಯಲ್ಲಿ ಬಂದ ಹೆಣ್ಣುಮಕ್ಕಳೇ ಇಂದು ಒಂದನೇ, ಎರಡನೇ ತರಗತಿಯಲ್ಲಿ ಕೂತಿರುವ ಮಕ್ಕಳ ಅವ್ವಂದಿರು, ಆಯಿಗಳು. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಜಿಲ್ಲೆ ಶೇ 50.59 ಫಲಿತಾಂಶ ಪಡೆದು ಕಟ್ಟಕಡೆಯ ಸ್ಥಾನದಲ್ಲಿ ನಿಂತಿತು. ಫಲಿತಾಂಶ ಬಂದ ವಾರ ಎಲ್ಲರ ಬೆರಳೂ ಹತ್ತನೇ ತರಗತಿಯ ಕಡೆ ತಿರುಗುತ್ತದೆ. ವಿಶೇಷ ತರಗತಿ ನಡೆಸಿ, ರಾತ್ರಿ ಓದಿಸಿ, ಪಾಸಿಂಗ್ ಪ್ಯಾಕೇಜ್ ಕೊಡಿ ಎನ್ನುತ್ತಾರೆ. ಆ ಬೆರಳು ತಿರುಗಬೇಕಾದದ್ದು ಎರಡನೇ ತರಗತಿಯ ಕಡೆ ಎಂಬುದು ನನ್ನ ಗಟ್ಟಿ ನಂಬಿಕೆ. ಎಂಟು ವರ್ಷದ ಮಗು ಒಂದು ಕಥೆಪುಸ್ತಕವನ್ನು ತಾನಾಗಿ ತೆರೆದು ಕೂತಿತೇ ಎಂಬ ಪ್ರಶ್ನೆಯಲ್ಲಿ ಹತ್ತನೇ ತರಗತಿಯ ಅರ್ಧ ಉತ್ತರ ಅಡಗಿದೆ.

ಯಾದಗಿರಿ ಪಟ್ಟಣಕ್ಕೆ ಹತ್ತಿರದ ಅಬ್ಬೆತುಮಕೂರನ್ನೇ ನೋಡೋಣ. ವಿಶ್ವಾರಾಧ್ಯರ ಸಿದ್ಧಸಂಸ್ಥಾನ ಮಠದಿಂದ ಹೆಸರಾದ ಊರು. ಜಾತ್ರೆಯ ತೇರು ಎಳೆಯುವ ದಿನ ಸುತ್ತಲ ಸೀಮೆಯೆಲ್ಲ ಇಲ್ಲಿ ನೆರೆಯುತ್ತದೆ, ದಾಸೋಹ ನಡೆಯುತ್ತದೆ, ಪ್ರವಚನ ಕೇಳಲು ಜನ ಕಿಕ್ಕಿರಿಯುತ್ತಾರೆ. ಕೇಳುವ ಸಂಸ್ಕೃತಿ ಇಷ್ಟು ಗಟ್ಟಿಯಾಗಿರುವ ಕಡೆ ಓದುವ ರೂಢಿ ಬೆಳೆಸುವುದು ಕಷ್ಟವಾಗಬಾರದು. ಆದರೆ ಇಂಥ ಊರುಗಳ ಕೂಲಿಕಾರರ, ಸಣ್ಣ ರೈತರ ಮನೆಯೊಳಗೆ ಕಣ್ಣಾಡಿಸಿದರೆ ಅಚ್ಚಾದ ಅಕ್ಷರ ಸಿಗುವುದು ಗೋಡೆಯ ಕ್ಯಾಲೆಂಡರಿನಲ್ಲಿ, ರೇಷನ್ ಕಾರ್ಡಿನಲ್ಲಿ, ಗೊಬ್ಬರದ ಚೀಲದ ಮೇಲೆ. ಪಠ್ಯಪುಸ್ತಕ ಬಿಟ್ಟರೆ ಮಗುವಿನ ಕೈಗೆ ಬರುವ ಮೊದಲ ಪುಸ್ತಕ ಬರಬೇಕಾದದ್ದು ಸರ್ಕಾರಿ ಪ್ರಾಥಮಿಕ ಶಾಲೆಯಿಂದಲೇ. ಬೇರೆ ದಾರಿ ಇಲ್ಲ. ಹಾಗಾಗಿ ಈ ಜಿಲ್ಲೆಯಲ್ಲಿ ಶಾಲಾ ಗ್ರಂಥಾಲಯವನ್ನು ಪಾಠದ ಜೊತೆಗಿನ ಅಲಂಕಾರವೆಂದು ಎಣಿಸುವುದು ದೊಡ್ಡ ತಪ್ಪು.

ಬೀಗ ಮತ್ತು ದಾಸ್ತಾನು ವಹಿ

ಕಾನೂನಿನಲ್ಲಿ ಕೊರತೆ ಇಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಗ್ರಂಥಾಲಯ ಇರಬೇಕು, ಅಲ್ಲಿ ಪತ್ರಿಕೆ, ನಿಯತಕಾಲಿಕ, ಎಲ್ಲ ವಿಷಯಗಳ ಪುಸ್ತಕ ಮತ್ತು ಕಥೆಪುಸ್ತಕ ಸಿಗಬೇಕು ಎಂದು ಬರೆದಿದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ದೊಡ್ಡ ಮೊತ್ತವೇನಲ್ಲ. ಆದರೂ ತೆಳುವಾದ ಚಿತ್ರಪುಸ್ತಕಕ್ಕೆ ಅರವತ್ತು ಎಪ್ಪತ್ತು ರೂಪಾಯಿ ಹಿಡಿದರೆ ಎಪ್ಪತ್ತಕ್ಕೂ ಹೆಚ್ಚು ಪುಸ್ತಕ ಬರುತ್ತವೆ. ಮೂರು ವರ್ಷದಲ್ಲಿ ಇನ್ನೂರು ದಾಟುತ್ತವೆ. ಚಿಕ್ಕ ಶಾಲೆಯೊಂದಕ್ಕೆ ಅಷ್ಟು ಒಳ್ಳೆಯ ಆರಂಭ.

ಪುಸ್ತಕ ಬಂದ ಮೇಲೆ ಏನಾಗುತ್ತದೆ ಎಂಬಲ್ಲಿ ಗಂಟು ಬೀಳುತ್ತದೆ. ಬಂದ ಕಟ್ಟನ್ನು ಬಿಚ್ಚಿ, ಪ್ರತಿ ಪುಸ್ತಕಕ್ಕೂ ಶಾಲೆಯ ಸೀಲು ಒತ್ತಿ, ದಾಸ್ತಾನು ವಹಿಯಲ್ಲಿ ಬರೆದು, ಮುಖ್ಯಗುರುಗಳ ಕೋಣೆಯ ಕಬ್ಬಿಣದ ಅಲ್ಮೇರಾದಲ್ಲಿಟ್ಟು ಬೀಗ ಹಾಕುತ್ತಾರೆ. ಇದರಲ್ಲಿ ಮುಖ್ಯಗುರುಗಳ ಕೆಟ್ಟತನ ಹುಡುಕಬೇಕಿಲ್ಲ. ವರ್ಗಾವಣೆಯಾದ ದಿನ ಚಾರ್ಜ್ ಕೊಡುವಾಗ ವಹಿಯಲ್ಲಿ ಇದ್ದಷ್ಟು ಪುಸ್ತಕ ಅಲ್ಮೇರಾದಲ್ಲೂ ಇರಬೇಕು. ಕಡಿಮೆ ಬಿದ್ದರೆ ಯಾರು ಹೊಣೆ? ಆಡಿಟ್ ಬಂದರೆ ಯಾರು ಉತ್ತರ ಹೇಳಬೇಕು? ಕೊಟ್ಟರೆ ಹರಿದಾವು, ಮನೆಗೆ ಒಯ್ದರೆ ಕಳೆದಾವು ಎಂಬ ಅಂಜಿಕೆ ಅದು. ಪರಿಣಾಮ ಮಾತ್ರ ಒಂದೇ. ಹತ್ತು ವರ್ಷ ಕಳೆದರೂ ಪುಸ್ತಕಗಳ ಬೆನ್ನು ಮುರಿದಿರುವುದಿಲ್ಲ, ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಕೆಳಗಿನ ಖಾನೆಯನ್ನು ಗೆದ್ದಲು ಹಿಡಿದಿರುತ್ತದೆ. ಗೆದ್ದಲು ತಿಂದದ್ದಕ್ಕೆ ವಹಿಯಲ್ಲಿ ಜಾಗ ಸಿಗುತ್ತದೆ, ಮಗು ಓದಿ ಹರಿದದ್ದಕ್ಕೆ ಸಿಗುವುದಿಲ್ಲ. ಈ ಲೆಕ್ಕವನ್ನೇ ಮೊದಲು ತಿದ್ದಬೇಕು.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ಒಂದೂವರೆ ದಶಕವನ್ನು ಬೆಂಗಳೂರಿನಲ್ಲಿ ಕಳೆದರು. 1972ರಲ್ಲಿ ಅಲ್ಲೇ ತೀರಿಕೊಂಡರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕ ಇರುವುದು ಬಳಕೆಗೆ ಎಂಬುದು. ಅದನ್ನು ವಿವರಿಸಲು ಅವರು ಹೋದದ್ದು ಯುರೋಪಿನ ಹಳೆಯ ಗ್ರಂಥಾಲಯಗಳಿಗೆ. ಅಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಬಿಗಿದಿಡುತ್ತಿದ್ದರು. ಕೈಬರಹದ ಪುಸ್ತಕ ಅಪರೂಪವಾಗಿದ್ದ ಕಾಲದಲ್ಲಿ ಅದಕ್ಕೆ ಕಾರಣವಿತ್ತು. ಅಚ್ಚಿನ ಯಂತ್ರ ಬಂದು ಪುಸ್ತಕ ಅಗ್ಗವಾದ ಮೇಲೂ ಕಾಯುವ ಚಾಳಿ ಬಹುಕಾಲ ಬಿಡಲಿಲ್ಲ. ನಮ್ಮ ಶಾಲೆಗಳ ಅಲ್ಮೇರಾದ ಬೀಗ ಅದೇ ಸರಪಳಿಯ ಮುಂದುವರಿಕೆ.

ಶಿಕ್ಷಣ ಇಲಾಖೆ ಒಂದು ಸ್ಪಷ್ಟ ಆದೇಶ ಹೊರಡಿಸಿ, ಮಕ್ಕಳ ಬಳಕೆಯಿಂದ ಹರಿದ, ಕಳೆದ ಇಂತಿಷ್ಟು ಪುಸ್ತಕಗಳನ್ನು ಪ್ರತಿ ವರ್ಷ ವಹಿಯಿಂದ ತೆಗೆದುಹಾಕಲು ಮುಖ್ಯಗುರುಗಳಿಗೆ ಅಧಿಕಾರ ಕೊಟ್ಟು, ಅದನ್ನು ಪ್ರತಿ ಶಾಲೆಯ ಗೋಡೆಗೆ ಅಂಟಿಸಲಿ. ಹೊಸ ಕಟ್ಟಡ ಕಟ್ಟುವುದಕ್ಕಿಂತ ಈ ಒಂದು ಹಾಳೆಯಿಂದ ಹೆಚ್ಚು ಕೆಲಸ ಆಗುತ್ತದೆ.

ಕೇಳಿಸಿಕೊಂಡ ಮೇಲೆ ಓದು

ಕನ್ನಡ ಓದು ಕಲಿಯುವುದು ದೊಡ್ಡವರು ತಿಳಿದಷ್ಟು ಬೇಗ ಮುಗಿಯುವ ಕೆಲಸವಲ್ಲ. 34 ವ್ಯಂಜನಗಳಿಗೆ ಕಾಗುಣಿತ ಸೇರಿದರೆ ರೂಪಗಳು ನಾನೂರು ದಾಟುತ್ತವೆ. ಅದರ ಮೇಲೆ ಒತ್ತಕ್ಷರ. ಬೆಂಗಳೂರಿನ ಮಕ್ಕಳ ಕನ್ನಡ ಓದಿನ ಬಗ್ಗೆ ಕೆಲಸ ಮಾಡಿದ ಮನಃಶಾಸ್ತ್ರಜ್ಞೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಕ್ಷರಗಳ ಮೇಲೆ ಹಿಡಿತ ಬರುವ ಕೆಲಸ ಮೊದಲ ಕೆಲವು ತರಗತಿಗಳ ಆಚೆಗೂ ಮುಂದುವರಿಯುತ್ತದೆ. ಅಂದರೆ ನಾಲ್ಕನೇ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಅದು ದಡ್ಡತನದ ಗುರುತಲ್ಲ. ಆ ಅಕ್ಷರ ಅದರ ಕಣ್ಣಿಗೆ ಸಾಕಷ್ಟು ಸಲ ಬಿದ್ದಿಲ್ಲ, ಅಷ್ಟೆ. ವರ್ಷಕ್ಕೊಂದು ಪಠ್ಯಪುಸ್ತಕದಲ್ಲಿ ‘ಷ್ಟ್ರ’ ಎಷ್ಟು ಸಲ ಬಂದೀತು? ಬೇಕಾದದ್ದು ಹತ್ತಾರು ಪುಸ್ತಕ, ನೂರಾರು ಪುಟ, ತಪ್ಪಿದರೆ ಯಾರೂ ಗದರದ ಓದು. ಅಸರ್ ಸಮೀಕ್ಷೆಯಲ್ಲಿ ಕರ್ನಾಟಕದ ಹಳ್ಳಿಗಳ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯವನ್ನು ಸರಾಗವಾಗಿ ಓದಬಲ್ಲವರು ಸುಮಾರು ಮೂರನೇ ಒಂದು ಭಾಗ ಮಾತ್ರ ಎಂದು ಈಚಿನ ವರ್ಷಗಳಲ್ಲಿ ಕಂಡುಬಂದಿದೆ. ಉಳಿದವರಿಗೆ ಕಾಪಿ ಬರೆಸಿ ಓದು ಬರಿಸಲಾಗದು.

ಪುರಾಣ ಹಚ್ಚಿ ಗೊತ್ತಿರುವ ನಾಡಿಗೆ ಮೊದಲ ಹೆಜ್ಜೆ ಯಾವುದೆಂದು ಹೊರಗಿನವರು ಬಂದು ಹೇಳಬೇಕಿಲ್ಲ. ಗಟ್ಟಿಯಾಗಿ ಓದಿ ಹೇಳುವುದೇ ಅದು. ಮಧ್ಯಾಹ್ನದ ಬಿಸಿಯೂಟ ಮುಗಿದು ಮಕ್ಕಳು ಗಂಗಾಳ ತೊಳೆದಿಟ್ಟು ಬಂದಿರುತ್ತಾರೆ. ಹೊರಗೆ ರಣಬಿಸಿಲು, ಒಳಗೆ ತೂಕಡಿಕೆ. ಟೀಚರು ಕುರ್ಚಿ ಬಿಟ್ಟು ಜಮಖಾನದ ಮೇಲೆ ಕೂತು, ಚಿತ್ರ ಮಕ್ಕಳ ಕಡೆ ತಿರುಗುವಂತೆ ಪುಸ್ತಕ ಹಿಡಿಯುತ್ತಾರೆ. ಹೊದಿಕೆಯ ಚಿತ್ರ ತೋರಿಸಿ, ಏನಿದು ಎಂದು ಕೇಳುತ್ತಾರೆ. ನಾಯಿ ಎನ್ನುತ್ತಾನೆ ಒಬ್ಬ. ಕುರಿ ಕಾಯುವವರ ಮನೆಯ ಹುಡುಗ ಸುಮ್ಮನಿರಲಾರ. “ಅದು ನಾಯಿ ಅಲ್ರಿ ಟೀಚರ್, ತೋಳ ಅದರಿ. ಬಾಲ ನೋಡ್ರಿ.” ತರಗತಿಯಲ್ಲಿ ಎಂದೂ ಬಾಯಿ ಬಿಡದವನು ಈಗ ಎಲ್ಲರಿಗೂ ತೋಳದ ಬಗ್ಗೆ ಹೇಳುತ್ತಿರುತ್ತಾನೆ. ಟೀಚರು ನಾಲ್ಕು ಪುಟ ಓದಿ, ತೋಳ ಹಟ್ಟಿಯ ಹತ್ತಿರ ಬಂದಲ್ಲಿಗೆ ನಿಲ್ಲಿಸುತ್ತಾರೆ. “ಮುಂದ ಏನಾಯ್ತ್ರಿ?” ಎಂದು ಕೂಗು ಏಳುತ್ತದೆ. ಆ ಪುಸ್ತಕವನ್ನು ಮುಚ್ಚಿ ಕೈಗೆಟುಕುವ ಕಡೆ ಇಟ್ಟು ಹೋದರೆ ಸಾಕು. ಸಂಜೆಯೊಳಗೆ ಯಾರೋ ಒಬ್ಬರು ಅದನ್ನು ತೆಗೆದು, ಅಕ್ಷರ ಕೂಡಿಸಿ ಕೂಡಿಸಿ, ತೋಳ ಏನು ಮಾಡಿತೆಂದು ಹುಡುಕಿರುತ್ತಾರೆ. ಕಥೆ ಗೊತ್ತಿರುವ ಪುಟದಲ್ಲಿ ಅಕ್ಷರ ಬೇಗ ಸಿಗುತ್ತದೆ.

ಇಲ್ಲಿ ಒಂದು ಮಾತು ಶಿಕ್ಷಕರಲ್ಲಿ ಕೈಮುಗಿದು ಕೇಳುವಂಥದ್ದು. ಕಥೆ ಮುಗಿದ ಕೂಡಲೇ “ಈ ಕಥೆಯ ನೀತಿ ಏನು?” ಎಂದು ಕೇಳಬೇಡಿ. ಸಾರಾಂಶ ಬರೆಯಿರಿ ಎನ್ನಬೇಡಿ. ಓದಿದ ಪ್ರತಿ ಪುಸ್ತಕಕ್ಕೂ ಪರೀಕ್ಷೆ ಕಟ್ಟಿದರೆ ಗ್ರಂಥಾಲಯವೂ ಇನ್ನೊಂದು ಪಾಠದ ಅವಧಿಯಾಗುತ್ತದೆ, ಮಕ್ಕಳು ದೂರ ಸರಿಯುತ್ತಾರೆ. ತೋಳದ ಚಿತ್ರ ಬರೆಯಲಿ, ಕಥೆಯನ್ನು ಆಡಿ ತೋರಿಸಲಿ, ಏನೂ ಮಾಡದೆ ಸುಮ್ಮನೆಯೂ ಇರಲಿ.

ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ಗುರುಮಠಕಲ್ ಕಡೆಯ ಮಗುವಿಗೆ ತೆಲುಗು ಹತ್ತಿರ, ಇನ್ನೊಂದು ಮಗುವಿಗೆ ಉರ್ದು. ಅವರಿಗೆ ಚಿತ್ರಪುಸ್ತಕ ಇನ್ನೂ ದೊಡ್ಡ ಆಸರೆ. ಚಿತ್ರ ನೋಡಿ ತಮ್ಮ ಮಾತಿನಲ್ಲೇ ಕಥೆ ಹೇಳಲು ಬಿಟ್ಟರೆ ಕನ್ನಡ ಹಿಂದಿನಿಂದ ತಾನಾಗಿ ಬರುತ್ತದೆ.

ಯಾವ ಪುಸ್ತಕ, ಯಾರ ಕೈಗೆ

ಅಲ್ಮೇರಾದಲ್ಲಿ ಇರುವುದೆಲ್ಲ ಮಕ್ಕಳ ಪುಸ್ತಕವಲ್ಲ ಎಂಬುದನ್ನೂ ಹೇಳಬೇಕು. ದಾನಿಗಳು ಕೊಟ್ಟ ಹಳೆಯ ಗೈಡು, ಇಲಾಖೆಯ ವರದಿ, ದೊಡ್ಡವರ ಕಾದಂಬರಿ ಎಲ್ಲ ಸೇರಿ ಸಂಖ್ಯೆ ಸಾವಿರವಾಗಿರುತ್ತದೆ. ಏಳು ವರ್ಷದ ಮಗು ಕೈಗೆತ್ತಿಕೊಳ್ಳುವಂಥವು ಅದರಲ್ಲಿ ಬೆರಳೆಣಿಕೆ. ಬೆಂಗಳೂರಿನಲ್ಲಿ 2003ರ ಹೊತ್ತಿಗೆ ಶುರುವಾದ ಹಿಪ್ಪೊಕ್ಯಾಂಪಸ್ ಗ್ರಂಥಾಲಯದವರು ಇದಕ್ಕೆ ಒಂದು ಸರಳ ಹಾದಿ ಕಂಡುಕೊಂಡರು. ಓದಿನ ಮಟ್ಟಕ್ಕೆ ತಕ್ಕಂತೆ ಪುಸ್ತಕದ ಮೇಲೆ ಬಣ್ಣದ ಚೀಟಿ: ಹಸಿರು, ಕೆಂಪು, ಕಿತ್ತಳೆ, ಬಿಳಿ, ನೀಲಿ, ಹಳದಿ. ಪುಟಕ್ಕೆ ಒಂದೆರಡು ಪದ ಇರುವುದು ಹಸಿರು, ಅಲ್ಲಿಂದ ಮೇಲೇರುತ್ತ ಹೋಗುವುದು. ಐದನೇ ತರಗತಿಯ ಹುಡುಗ ಹಸಿರು ಚೀಟಿಯಿಂದ ಶುರು ಮಾಡಿದರೂ ಅವಮಾನವಿಲ್ಲ. ಅಕ್ಷರ ಫೌಂಡೇಶನ್ ಕೂಡ ಇದೇ ಬಗೆಯಲ್ಲಿ ಸರ್ಕಾರಿ ಶಾಲೆಗಳ ಗ್ರಂಥಾಲಯಗಳನ್ನು ನಡೆಸಿ ತೋರಿಸಿತು. ಬಣ್ಣದ ಕಾಗದ, ಗೋಂದು, ಒಂದು ಶನಿವಾರ ಇದ್ದರೆ ಯಾವ ಶಾಲೆಯಾದರೂ ಇದನ್ನು ಮಾಡಬಹುದು.

ಪುಸ್ತಕದೊಳಗೆ ಮಗುವಿಗೆ ತನ್ನ ಊರು ಕಾಣುವುದೂ ಮುಖ್ಯ. ಕನ್ನಡದ ಮಕ್ಕಳ ಪುಸ್ತಕಗಳಲ್ಲಿ ಮಲೆನಾಡಿನ ಮಳೆ, ಕಡಲತೀರ, ಮೈಸೂರು ಸೀಮೆಯ ಮಾತು ಬೇಕಾದಷ್ಟು ಇವೆ. ತೊಗರಿ ಹೊಲ, ಹತ್ತಿ ಬಿಡಿಸುವ ಕೂಲಿ, ಭೀಮಾ ಕೃಷ್ಣೆಯರ ದಂಡೆ, ಜೋಳದ ರೊಟ್ಟಿ ಕಾಣುವ ಪುಸ್ತಕ ಕಡಿಮೆ. ಈ ಕೊರತೆ ತುಂಬಲು ದುಡಿದವರಲ್ಲಿ ಶಹಾಪುರದ ಚಂದ್ರಕಾಂತ ಕರದಳ್ಳಿ ದೊಡ್ಡವರು. ಇದೇ ಜಿಲ್ಲೆಯಲ್ಲಿದ್ದುಕೊಂಡು ಮಕ್ಕಳಿಗಾಗಿಯೇ ಬರೆದ ಅವರ ‘ಕಾಡು ಕನಸಿನ ಬೀದಿಗೆ’ ಕೃತಿಗೆ 2019ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಯಾದಗಿರಿ ಜಿಲ್ಲೆಯ ಪ್ರತಿ ಪ್ರಾಥಮಿಕ ಶಾಲೆಯಲ್ಲಿ ಅವರ ಪುಸ್ತಕಗಳು ಇರಲೇಬೇಕು. ನಮ್ಮ ಶಹಾಪುರದವರೊಬ್ಬರು ಪುಸ್ತಕ ಬರೆದಿದ್ದಾರೆ ಎಂದು ತಿಳಿದ ಮಗು ತಾನೂ ಬರೆಯಲು ಕೂರುತ್ತದೆ. ಆಯಿ, ಮುತ್ಯಾನ ಹತ್ತಿರ ಕೇಳಿದ ಕಥೆಯನ್ನು ಮಕ್ಕಳಿಂದಲೇ ಬರೆಸಿ, ಚಿತ್ರ ಹಾಕಿಸಿ, ಸೂಜಿದಾರದಿಂದ ಹೊಲಿದರೆ ಅದೂ ಗ್ರಂಥಾಲಯದ ಪುಸ್ತಕ. ಕಿರುಚಿತ್ರಕಲೆಗೆ ಹೆಸರಾದ ಸುರಪುರದ ಮಕ್ಕಳಿಗೆ ಕುಂಚ ಹೊಸದೇನಲ್ಲ.

ಸುರಪುರ ತಾಲ್ಲೂಕಿಗೆ ಈ ವಿಷಯದಲ್ಲಿ ಹಿಂದಿನ ಪಾಠವೂ ಇದೆ. ಎರಡು ದಶಕದ ಹಿಂದೆ, ಅದಿನ್ನೂ ಗುಲಬರ್ಗಾ ಜಿಲ್ಲೆಯಲ್ಲಿದ್ದಾಗ, ಶಿಕ್ಷಣ ಇಲಾಖೆ ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಶನ್ ಸೇರಿ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಸ್ನೇಹಿ ಶಾಲೆ ಕಾರ್ಯಕ್ರಮ ನಡೆಸಿದವು. ಬೆತ್ತವಿಲ್ಲದ ತರಗತಿ, ಮಕ್ಕಳ ಕೈಗೆ ಸಿಗುವ ಸಾಮಗ್ರಿ, ಊರವರ ಪಾಲುಗಾರಿಕೆ ಅದರ ಆಶಯ. ಯಾದಗಿರಿಯಲ್ಲಿ ಫೌಂಡೇಶನ್ನಿನ ಜಿಲ್ಲಾ ಸಂಸ್ಥೆ ಇಂದಿಗೂ ಶಿಕ್ಷಕರ ಜೊತೆ ಕೆಲಸ ಮಾಡುತ್ತಿದೆ. ಯಾವ ಸಂಸ್ಥೆ ಬಂದರೂ ಹೋದರೂ ಉಳಿಯುವುದು ಶಾಲೆಯ ರೂಢಿ. ವೇಳಾಪಟ್ಟಿಯಲ್ಲಿ ಗ್ರಂಥಾಲಯದ ಅವಧಿ ಇದ್ದು, ಅದನ್ನು ಗಣಿತಕ್ಕೋ ಇಂಗ್ಲಿಷಿಗೋ ಬಿಟ್ಟುಕೊಡದಿದ್ದರೆ ಅರ್ಧ ಗೆದ್ದಂತೆ. ಇನ್ನರ್ಧ, ಪುಸ್ತಕ ಕೊಟ್ಟು ತೆಗೆದುಕೊಳ್ಳುವ ವಹಿಯನ್ನು ಐದು, ಆರನೇ ತರಗತಿಯ ಮಕ್ಕಳ ಕೈಗೇ ಒಪ್ಪಿಸುವುದು. ಹೆಸರು, ಪುಸ್ತಕದ ನಂಬರು, ಒಯ್ದ ದಿನ, ತಂದ ದಿನ ಎಂಬ ನಾಲ್ಕು ಗೆರೆ ಸಾಕು. ಮಕ್ಕಳು ಹೊಣೆ ಹೊತ್ತಾಗ ಪುಸ್ತಕ ಕಳೆಯುವುದು ಕಡಿಮೆ. ಯಾರ ಮನೆಯಲ್ಲಿ ಯಾವ ಪುಸ್ತಕ ಉಳಿದಿದೆ ಎಂಬುದು ಅವರಿಗೆ ಬಾಯಲ್ಲೇ ಇರುತ್ತದೆ.

ಮನೆಗೆ ಹೋದ ಪುಸ್ತಕ

ಪುಸ್ತಕ ಮನೆಗೆ ಹೋಗಬೇಕು ಎಂಬುದರ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಓದುಬಲ್ಲ ಮನೆಗಳಲ್ಲಿ ತಾಯಿ ಮಗುವಿಗೆ ಕಥೆ ಓದಿ ಮಲಗಿಸುತ್ತಾಳೆ. ಈ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಅದು ತಿರುವುಮುರುವಾಗಬಹುದು. ಮೂರನೇ ತರಗತಿಯ ಹುಡುಗಿ ಓದುತ್ತಾಳೆ, ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಅವ್ವ ಕೇಳುತ್ತಾಳೆ, ಪಡಸಾಲೆಯಿಂದ ಆಯಿ “ಇನ್ನೊಮ್ಮೆ ಓದ ತಂಗಿ” ಎನ್ನುತ್ತಾಳೆ. ಹೆಣ್ಣುಮಗಳ ಓದಿಗೆ ಆ ಮನೆಯಲ್ಲಿ ಆ ಹೊತ್ತು ಒಂದು ಬೆಲೆ ಬರುತ್ತದೆ. ಹತ್ತಿ ಬಿಡಿಸುವ ದಿನಗಳಲ್ಲಿ ಅವಳನ್ನು ಶಾಲೆ ಬಿಡಿಸಿ ಹೊಲಕ್ಕೆ ಕರೆದೊಯ್ಯುವ ಮುಂಚೆ ಒಮ್ಮೆ ಯೋಚಿಸುವಂತಾಗುತ್ತದೆ. ಬೀಗ ಹಾಕಿದ ಪುಸ್ತಕದಿಂದ ಇದು ಯಾವುದೂ ಆಗುವುದಿಲ್ಲ.

ಗುಳೆಯ ಪ್ರಶ್ನೆಯೂ ಇದೆ. ಸುಗ್ಗಿ ಮುಗಿದೊಡನೆ ಬೆಂಗಳೂರು, ಪುಣೆ, ಮುಂಬೈ ಕಡೆ ಕಟ್ಟಡ ಕೆಲಸಕ್ಕೆ ಹೊರಡುವ ಕುಟುಂಬಗಳ ಜೊತೆ ಮಕ್ಕಳೂ ಹೊರಡುತ್ತಾರೆ. ತಿಂಗಳುಗಟ್ಟಲೆ ಅಕ್ಷರ ನೋಡದೆ ಮರಳಿ ಬಂದ ಮಗುವಿಗೆ ಕಲಿತದ್ದೂ ಮರೆತಿರುತ್ತದೆ. ಮಗು ಊರು ಬಿಡುವ ದಿನ ಅದರ ಪಾಟಿಚೀಲಕ್ಕೆ ನಾಲ್ಕು ಕಥೆಪುಸ್ತಕ ಹಾಕಿ ಕಳಿಸಿ. ಎರಡು ಮರಳಿ ಬಾರದಿದ್ದರೂ ನಷ್ಟವಿಲ್ಲ. ಶೆಡ್ಡಿನಲ್ಲಿ ಇನ್ನೊಂದು ಮಗು ಅವನ್ನು ಓದಿರುತ್ತದೆ.

ಊರಿನಲ್ಲೇ ಉಳಿದವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಬಾಗಿಲು ತೆರೆದಿದೆ. 2019ರಲ್ಲಿ ಈ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವುಗಳಿಗೆ ಅರಿವು ಕೇಂದ್ರ ಎಂಬ ಹೆಸರೂ ಸೇರಿದೆ. ಶಾಲೆ ಮತ್ತು ಅರಿವು ಕೇಂದ್ರ ಕೈಜೋಡಿಸಿ ತಿಂಗಳಿಗೊಮ್ಮೆ ಐವತ್ತು ಪುಸ್ತಕ ಅದಲು ಬದಲು ಮಾಡಿಕೊಂಡರೆ, ಎರಡೂ ಕಡೆ ಮಕ್ಕಳಿಗೆ ಹೊಸ ಪುಸ್ತಕ ಸಿಗುತ್ತವೆ, ಒಂದು ರೂಪಾಯಿ ಖರ್ಚಿಲ್ಲದೆ.

ನಿಮ್ಮೂರ ಶಾಲೆಯ ಎಸ್‌ಡಿಎಂಸಿಯಲ್ಲಿ ನೀವಿದ್ದರೆ, ನಿಮ್ಮ ಮಗು ಅಲ್ಲಿ ಓದುತ್ತಿದ್ದರೆ, ಮುಂದಿನ ಸಭೆಯಲ್ಲಿ ಎರಡು ಪ್ರಶ್ನೆ ಕೇಳಿ. ಹೋದ ತಿಂಗಳು ಎಷ್ಟು ಪುಸ್ತಕ ಮಕ್ಕಳ ಮನೆಗೆ ಹೋದವು? ಹರಿದು ಬಂದರೆ ಮುಖ್ಯಗುರುಗಳಿಗೆ ತೊಂದರೆಯಾಗದಂತೆ ನಾವೆಲ್ಲ ಸಹಿ ಹಾಕಿ ಠರಾವು ಮಾಡೋಣವೇ? ಊರಿನಿಂದ ಹೊರಗೆ ನೌಕರಿಯಲ್ಲಿರುವವರು ಜಾತ್ರೆಗೆ ಬರುವಾಗ ಶಾಲೆಗೆ ಹತ್ತು ಹೊಸ ಮಕ್ಕಳ ಪುಸ್ತಕ ತನ್ನಿ. ಹಳೆಯ ಗೈಡು ಬೇಡ, ಚಿತ್ರವಿರುವ ಕಥೆಪುಸ್ತಕ ತನ್ನಿ. ಅವನ್ನು ಕಚೇರಿಯ ಮೇಜಿನ ಮೇಲೆ ಇಡದೆ, ಮಕ್ಕಳ ಕೈಗೇ ಕೊಡಿ.